ಬೀಗದ ಜಾಗದಲ್ಲಿ ಅರಿಸಿನದ ಕೊಂಬು

ಇವತ್ತು ಬೆಳಿಗ್ಗೆ ಹುಣಸೂರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ನಿಂತಿದ್ದೆ. ಅಂಗಡಿಯವನು ರಟ್ಟಿನ ಡಬ್ಬಿಯಿಂದ ಹೊಸ ಬೀಗಗಳನ್ನು ತೆಗೆದು ಮುಂದೆ ಸುರಿದ. ಎಣ್ಣೆ ಸವರಿದ ಹೊಸ ಬೀಗಕ್ಕೆ ಒಂದು ವಾಸನೆ ಇರುತ್ತದೆ, ನೀವೂ ಗಮನಿಸಿರಬಹುದು. ಆ ವಾಸನೆ ಬಡಿದ ಕೂಡಲೇ ಕೈಗೆತ್ತಿಕೊಂಡ ಬೀಗವನ್ನು ಕೆಳಗಿಟ್ಟುಬಿಟ್ಟೆ. ಕೆ.ಆರ್. ನಗರದ ಹತ್ತಿರ ಏಳುತ್ತಿರುವ ಅಕ್ಕಿ ಗಿರಣಿಯೊಂದಕ್ಕೆ ಬೆಂಕಿ ಆರಿಸುವ ನೀರಿನ ಪೈಪು ಹಾಕುವ ಕೆಲಸ ಹಿಡಿದಿದ್ದೇನೆ. ಮಾಲೀಕರು ಫೋನ್ ಮಾಡಿ, "ಬರೋವಾಗ ಕೊಳವೆ ಪೆಟ್ಟಿಗೆಗಳಿಗೆ ಒಂದೊಂದು ಬೀಗ ತಗೊಂಡ್ಬನ್ನಿ" ಅಂದಿದ್ದರು. ಅವರನ್ನು ದೂರುವ ಹಾಗಿಲ್ಲ. ಎಲ್ಲ ಮಾಲೀಕರೂ ಹೇಳುವ ಮಾತೇ ಅದು.

ನನ್ನ ಕೆಲಸ ಏನೆಂದು ಇನ್ನೊಬ್ಬರಿಗೆ ತಿಳಿಸುವುದೇ ಒಂದು ಪಾಡು. ಹರೆಯದಲ್ಲಿ ಎಚ್.ಡಿ. ಕೋಟೆ ಕಡೆ ಹೆಣ್ಣು ನೋಡಲು ಹೋಗಿದ್ದಾಗ ಹುಡುಗಿಯ ಸೋದರಮಾವ ಕೇಳಿದ್ದರು: "ಬೆಂಕಿ ಆರ್ಸೋ ಕೆಲ್ಸ ಅಂದ್ರಲ್ಲ, ಇಲ್ಲೀಗಂಟ ಎಷ್ಟ್ ಬೆಂಕಿ ಆರ್ಸಿದ್ದೀರಿ?" ಒಂದೂ ಇಲ್ಲ ಅಂದೆ. ಕಾರ್ಖಾನೆಯಲ್ಲಿ ದೊಡ್ಡ ತೊಟ್ಟಿ ಕಟ್ಟಿಸಿ, ಪಂಪು ಕೂರಿಸಿ, ನೆಲದೊಳಗೆ ಪೈಪು ಎಳೆದು, ಅಲ್ಲಲ್ಲಿ ಕೆಂಪು ನಲ್ಲಿ ನಿಲ್ಲಿಸಿ, ಪಕ್ಕದ ಪೆಟ್ಟಿಗೆಯಲ್ಲಿ ಉದ್ದನೆಯ ಕ್ಯಾನ್ವಾಸ್ ಕೊಳವೆ ಸುತ್ತಿಟ್ಟು ಬರುವುದಷ್ಟೇ ನನ್ನ ಪಾಲು ಎಂದು ವಿವರಿಸಿದೆ. "ಅಂಗಾದ್ರೆ ಅದ್ರಾಗೆ ನೀರು ಯಾವಾಗ ಬತ್ತದೆ?" ಅಂದರು. ಬರದೇ ಇದ್ದರೆ ಒಳ್ಳೆಯದು ಅಂದೆ. ಅವರು ಕಾಫಿ ಲೋಟ ಕೆಳಗಿಟ್ಟು ನಮ್ಮಪ್ಪನ ಮುಖ ನೋಡಿದರು. ಆ ಸಂಬಂಧ ಕುದುರಲಿಲ್ಲ. ಮುಂದೆ ನನ್ನ ಕೈಹಿಡಿದವಳು ಕೂಡ ಒಗ್ಗರಣೆ ಹೊತ್ತಿಕೊಂಡರೆ ನನ್ನನ್ನು ಕರೆಯುವುದಿಲ್ಲ, ತಾನೇ ಒಂದು ತಟ್ಟೆ ಮುಚ್ಚುತ್ತಾಳೆ.

ನಗು ಅಷ್ಟಕ್ಕೆ ಸಾಕು. ಬೀಗದ ವಾಸನೆ ನನ್ನನ್ನು ಎಳೆದುಕೊಂಡು ಹೋದದ್ದು ಪಿರಿಯಾಪಟ್ಟಣದ ಹಾರನಹಳ್ಳಿ ಕಡೆಯ ಒಂದು ಹೊಗೆಸೊಪ್ಪಿನ ಗೋದಾಮಿಗೆ. ಅಲ್ಲಿ ಬೇರೆ ಯಾರೋ ಪೈಪು ಹಾಕಿ ಹೋಗಿದ್ದರು. ಕೊಳವೆಯ ತುದಿಗೆ ಸಿಕ್ಕಿಸುವ ಹಿತ್ತಾಳೆ ಮೂತಿಯೊಂದನ್ನು ಕಳ್ಳರು ಗುಜರಿಗೆ ಹಾಕಿದರೆಂದು, ಮ್ಯಾನೇಜರು ಎಲ್ಲ ಪೆಟ್ಟಿಗೆಗೂ ಬೀಗ ಜಡಿಸಿ ಕೀಲಿಕೈಗಳನ್ನು ಜೇಬಿನಲ್ಲಿಟ್ಟುಕೊಂಡಿದ್ದರು. ಒಂದು ಮಧ್ಯಾಹ್ನ ಅವರು ಮೈಸೂರಿಗೆ ಹೋಗಿದ್ದಾಗ ವೈರು ಸುಟ್ಟು ಬೆಂಕಿ ಹತ್ತಿತು. ಒಣಗಿದ ಸೊಪ್ಪು, ಗೋಣಿತಾಟು, ಹೆಚ್ಚು ಹೇಳಬೇಕಾಗಿಲ್ಲ. ತೊಟ್ಟಿಯ ತುಂಬ ನೀರಿತ್ತು. ಪಂಪೂ ಓಡಿತು. ಜನ ಕಲ್ಲು ಹಿಡಿದು ಬೀಗಕ್ಕೆ ಹೊಡೆಯುತ್ತಿದ್ದರಂತೆ. ಅದು ಮುರಿಯುವಷ್ಟರಲ್ಲಿ, ಒಳಗಿನ ಮೂಲೆಯಲ್ಲಿ ಸೊಪ್ಪು ವಿಂಗಡಿಸುತ್ತಿದ್ದ ಪುಟ್ಟಮ್ಮ ಎಂಬ ಹೆಂಗಸು ಹೊಗೆಗೆ ಸಿಕ್ಕಿ ಸತ್ತುಹೋಗಿದ್ದಳು.

ಸುಟ್ಟ ಪೈಪು ಬದಲಾಯಿಸಲು ನನ್ನನ್ನು ಕರೆಸಿದರು. ಗೋಡೆಗಳೆಲ್ಲ ಕರಿ ಹಿಡಿದಿದ್ದವು. ಮಣ್ಣು ಅಗೆಯಲು ಬಂದ ಆಳುಗಳಲ್ಲಿ ಮಾದೇವ ಎಂಬುವನೊಬ್ಬ ಇದ್ದ. ಮಾತು ಕಡಿಮೆ. ಪುಟ್ಟಮ್ಮನ ಗಂಡ ಅವನೇ ಎಂದು ಊಟಕ್ಕೆ ಕೂತಾಗ ಅವನ ಬಾಯಿಂದಲೇ ಗೊತ್ತಾಯಿತು.

"ಮುತ್ತೈದೆಯಾಗಿ ಸತ್ಲು, ಪುಣ್ಯವಂತೆ ಅಂತಾರೆ ಕಣಣ್ಣ," ಅಂದ ಮುದ್ದೆ ಮುರಿಯುತ್ತ. "ಉಸಿರು ಕಟ್ಟಿ ಸತ್ತೋಳ್ಗೆ ಎಂಥ ಪುಣ್ಯ ಬುಡಿ."

ಮತ್ತೆ ಇದೇ ಜಾಗಕ್ಕೆ ಯಾಕಪ್ಪಾ ಬಂದೆ ಎಂದು ಕೇಳಿಬಿಟ್ಟೆ.

"ಈ ಸಲ ನನ್ ಮಗ್ಳು ಅವ್ರವ್ವನ ಜಾಗಕ್ಕೇ ಕೆಲ್ಸಕ್ಕೆ ಬತ್ತಾಳೆ. ಬ್ಯಾಡ ಅಂದೆ, ಕೇಳ್ನಿಲ್ಲ. ಪೈಪಾದ್ರೂ ನೆಟ್ಟಗೆ ಕೂತದಾ ನೋಡವ ಅಂತ ಬಂದೆ."

ಆಮೇಲೆ ನಾನು ಹಾಕಿದ ಒಂದೊಂದು ಜೋಡಣೆಯನ್ನೂ ಅವನು ಬಗ್ಗಿ ನೋಡುತ್ತಿದ್ದ. ಮಣ್ಣು ಮುಚ್ಚುವ ಮೊದಲು ಪೈಪಿನ ಮೇಲೆ ಅಂಗೈ ಸವರುತ್ತಿದ್ದ. ನನಗೆ ಅವನ ಎದುರು ಕೆಲಸ ಮಾಡುವುದೇ ಸಂಕಟವಾಗುತ್ತಿತ್ತು.

ಕೆಲಸ ಮುಗಿಯುವ ಹೊತ್ತಿಗೆ ಮ್ಯಾನೇಜರು ಹೊಸ ಬೀಗಗಳನ್ನು ತಂದರು, ಮೊದಲಿನವಕ್ಕಿಂತ ದಪ್ಪ. ಮಾದೇವ ಹಾರೆ ಹಿಡಿದವನು ಹಾಗೇ ನಿಂತ. ಆಮೇಲೆ ನನ್ನ ಹತ್ತಿರ ಬಂದು, "ಅಣ್ಣ, ನೀವೊಂದ್ ಮಾತು ಹೇಳಿ" ಅಂದ. ಹೇಳಿದೆ. ಮ್ಯಾನೇಜರು ಕೆಟ್ಟವರಲ್ಲ, ಪುಟ್ಟಮ್ಮನ ಹೆಸರೆತ್ತಿದರೆ ಅವರ ಕಣ್ಣೂ ತುಂಬುತ್ತಿತ್ತು. ಆದರೂ, "ಮೂತಿ ಕಳುವಾದ್ರೆ ಕೊಳವೆ ಇದ್ದು ಏನ್ರೀ ಪ್ರಯೋಜನ? ಈ ಸಲ ವಾಚ್‌ಮನ್ ಹತ್ರಾನೂ ಒಂದು ಕೀಲಿ ಇರುತ್ತೆ" ಅಂದರು. ಇದಕ್ಕೆ ನೀವಾದರೂ ಏನು ಹೇಳುತ್ತಿದ್ದಿರಿ? ವಾಚ್‌ಮನ್ ಊಟಕ್ಕೆ ಹೋಗಿದ್ದರೆ ಎಂದು ಕೇಳಿದೆ. ಅವರು ನಾಳೆ ಬೀಗ ಹಾಕಿಸುವುದೆಂದು ಹೇಳಿ ಹೊರಟುಹೋದರು.

ಮಾರನೆಯ ದಿನ ಶುಕ್ರವಾರ. ಹೋಗಿ ನೋಡಿದರೆ ಪ್ರತಿ ಪೆಟ್ಟಿಗೆಯ ಕೊಂಡಿಯಲ್ಲೂ, ಬೀಗ ತೂರಿಸುವ ಜಾಗದಲ್ಲಿ, ಹಳದಿ ದಾರದಿಂದ ಒಂದೊಂದು ಅರಿಸಿನದ ಕೊಂಬು ಕಟ್ಟಿತ್ತು. ಚಿನ್ನಕ್ಕೆ ಗತಿಯಿಲ್ಲದ ಮದುವೆಗಳಲ್ಲಿ ತಾಳಿಯೆಂದು ಕಟ್ಟುವುದು ಇದನ್ನೇ. ಪಕ್ಕದಲ್ಲಿ ಮಾದೇವ ಕುಕ್ಕರಗಾಲಿನಲ್ಲಿ ಕೂತಿದ್ದ.

ಮ್ಯಾನೇಜರು ಬಂದು ನೋಡಿ, ಕತ್ತರಿಸು ಎಂದು ವಾಚ್‌ಮನ್ನಿಗೆ ಹೇಳಿದರು. "ನಾನೂ ಎಂಡ್ರು ಮಕ್ಳಿರೋನು ಸಾ, ನನ್ ಕೈಲಾಗಕಿಲ್ಲ" ಎಂದು ಅವನು ಹಿಂದೆ ಸರಿದ. ಮ್ಯಾನೇಜರು ತಾವೇ ಮುಂದೆ ಬಂದು ದಾರಕ್ಕೆ ಬೆರಳು ಹಾಕಿದರು. ಬೆರಳು ಅಲ್ಲೇ ನಿಂತಿತು. ಅವರ ಮನೆಯಲ್ಲೂ ಹೆಂಡತಿ ಇದ್ದಳಲ್ಲ.

"ಕದಿಯೋನ್ ಕೈಯೂ ಇಂಗೇ ನಿಂತೋಯ್ತದೆ ಸಾ," ಅಂದ ಮಾದೇವ, ಕೂತಲ್ಲಿಂದಲೇ. "ಬೆಂಕಿ ಬಿದ್ರೆ ಮಾತ್ರ ಒಂದ್ಸಲ ಜಗ್ಗಿದ್ರೆ ಸಾಕು, ಕಿತ್ಕಂಡ್ ಬತ್ತದೆ."

ಮ್ಯಾನೇಜರು ಬೀಗಗಳನ್ನು ಎತ್ತಿಕೊಂಡು ಆಫೀಸಿಗೆ ಹೋದರು. ಆ ಬೀಗಗಳು ಮತ್ತೆ ಹೊರಗೆ ಬರಲಿಲ್ಲ.

ಹೋದ ವರ್ಷ ಆ ದಾರಿಯಲ್ಲಿ ಬಂದವನು ಬಸ್ ಇಳಿದು ಹೋಗಿ ನೋಡಿದೆ. ಮಾದೇವ ಇರಲಿಲ್ಲ. ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡನಂತೆ. ಹೇಳಿದವಳು ಅವನ ಮಗಳು. ತಲೆಗೆ ಬಟ್ಟೆ ಕಟ್ಟಿಕೊಂಡು ಗೋದಾಮಿನಿಂದ ಹೊರಗೆ ಬಂದಿದ್ದಳು. ಪೆಟ್ಟಿಗೆಗಳ ಮೇಲೆ ದಾರ ಹೊಸದಾಗಿತ್ತು. "ಕೊಂಬಿಗೆ ಉಳ ಬೀಳ್ತದೆ ಅಣ್ಣ, ಬದಲಾಯಿಸ್ತಾ ಇರ್ಬೇಕು. ಅಪ್ಪ ಮಾಡ್ತಿತ್ತು, ಈಗ ನಾನ್ ಮಾಡ್ತೀನಿ" ಅಂದಳು.

"ಎಷ್ಟು ಕಟ್ಲಿ ಸಾರ್?" ಎಂದು ಹಾರ್ಡ್‌ವೇರ್ ಅಂಗಡಿಯವನು ಎರಡನೇ ಸಲ ಕೇಳಿದ. ಬೇಡ ಬಿಡಪ್ಪ ಎಂದು ಹೊರಗೆ ಬಂದೆ. ಮಾಲೀಕರು ರೇಗಬಹುದು, ರೇಗಲಿ. ರಸ್ತೆ ದಾಟಿ ಪೂಜೆ ಸಾಮಾನು ಮಾರುವ ಗ್ರಂಥಿಗೆ ಅಂಗಡಿಗೆ ಹೋಗಿ ಅರಿಸಿನದ ಕೊಂಬು, ಹಳದಿ ದಾರ ಕೇಳಿದೆ. ಅಂಗಡಿಯ ಅಜ್ಜಿ ಆರಿಸಿ ಆರಿಸಿ ಗಟ್ಟಿ ಕೊಂಬುಗಳನ್ನೇ ತೆಗೆದಿಟ್ಟರು.

"ಮದ್ವೆಗೇನಪ್ಪ? ಒಳ್ಳೇದಾಯ್ತು. ಎಣ್ಣು ಯಾವೂರು?"

"ಹಾರನಹಳ್ಳಿ ಕಡೆಯೋಳು," ಅಂದೆ. ಹಾಗೆ ಯಾಕೆ ಬಾಯಿಗೆ ಬಂತೋ ಗೊತ್ತಿಲ್ಲ.

"ನೂರ್ ಕಾಲ ಮುತ್ತೈದೆಯಾಗಿ ಬಾಳ್ಲಿ" ಎಂದು ಅವರು ಒಂದು ಕೊಂಬನ್ನು ಹೆಚ್ಚಿಗೆ ಹಾಕಿ ಪೊಟ್ಟಣ ಕಟ್ಟಿದರು. ಅದನ್ನು ಚೀಲಕ್ಕೆ ಹಾಕಿಕೊಂಡು ಗಿರಣಿಗೆ ಹೋಗಲು ಕೆ.ಆರ್. ನಗರದ ಬಸ್ ಹತ್ತಿದೆ.