ಕೊಂಬಿನ ತುದಿಯ ಮೂಗು

ಮೊನ್ನೆ ಬೆಳಿಗ್ಗೆ ತೋಟದ ಬದುವಿನಲ್ಲಿ ಒದ್ದೆ ಗೋಣಿಚೀಲ ಎತ್ತಿದಾಗ ಕಳಿತ ಪರಂಗಿಹಣ್ಣಿನ ವಾಸನೆ ಮುಖಕ್ಕೆ ಹೊಡೆಯಿತು. ಪಕ್ಕದ ಹೊಲದ ಮೇಷ್ಟ್ರು ನೆನಪಾದರು...

ತೆಲುಗು-ಕನ್ನಡ ಗಡಿಯ ಮಡಕಶಿರಾದಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದ ಮೇಲೆ ಅವರು ಅಗಳಿ ರಸ್ತೆಯಲ್ಲಿ ನಮ್ಮ ಬೇಲಿಗೆ ಹೊಂದಿಕೊಂಡ ಹೊಲಕ್ಕೆ ಬಂದಿದ್ದರು. ನಾನು ಏಳನೇ ಕ್ಲಾಸಿಗೇ ಪುಸ್ತಕ ಮುಚ್ಚಿದವನು. ಕಲ್ಲು ಆರಿಸಿ, ಗುಣಿ ತೋಡಿ ಹಿಪ್ಪುನೇರಳೆ ತೋಟ ಎಬ್ಬಿಸಿದ್ದು ಈ ಎರಡು ಕೈ. ಯಾರ ಸಲಹೆಯನ್ನೂ ಕೇಳಿದವನಲ್ಲ.

ಕೆಲವು ವರ್ಷಗಳ ಹಿಂದೆ ಒಂದು ಮಳೆಗಾಲ ತೋಟಕ್ಕೆ ಬಸವನಹುಳು ಬಿದ್ದವು. ಒಂದೊಂದೂ ಮುಷ್ಟಿ ಗಾತ್ರ. ಬೆಳಗಾಗುವಷ್ಟರಲ್ಲಿ ಸಾಲಿಗೆ ಸಾಲೇ ಬೋಳು. ಔಷಧಿ ಹೊಡೆಯುವಂತಿಲ್ಲ, ಆ ಸೊಪ್ಪು ತಿಂದರೆ ಮನೆಯಲ್ಲಿರುವ ರೇಷ್ಮೆಹುಳು ಸಾಯುತ್ತವೆ. ಸೊಪ್ಪೇ ಸಿಗದಿದ್ದರೂ ಸಾಯುತ್ತವೆ. ಉಪ್ಪು ಹಾಕೋಣವೆಂದರೆ ನನ್ನ ಹೆಂಡತಿ ಬಿಡಳು. ಬಸವಣ್ಣನ ಹೆಸರು ಹೊತ್ತದ್ದು, ಕೊಂಬು ಬೇರೆ ಇದೆ, ಕೊಲ್ಲುವುದುಂಟೇ ಎಂದು.

ಬೇಲಿಯಾಚೆ ಮೇಷ್ಟ್ರು ನಕ್ಕರು. "ಹಂಗಾದ್ರೆ ತೆಲುಗಿನಾಗೆ ನತ್ತ ಅಂದ್ಕಂಡು ಹಾಕಮ್ಮ. ಕನ್ನಡದಾಗೆ ಹಾಕಿದ್ರೆ ತಾನೇ ಪಾಪ?"

ತಮಾಷೆಗೆ ಅಂದದ್ದನ್ನು ನಾನು ನಿಜಕ್ಕೇ ಮಾಡಿದೆ. ಗೋಣಿಚೀಲದಡಿ ಪರಂಗಿಹಣ್ಣು ಇಟ್ಟರೆ ಹುಳು ಬಂದು ಸೇರುತ್ತವೆ, ಆರಿಸಿ ಎಸೆಯಬಹುದು ಎಂದಷ್ಟೇ ಅವರು ಹೇಳಿದ್ದರು. ನಾನು ನತ್ತ, ನತ್ತ ಎನ್ನುತ್ತ ಹುಳುಗಳ ಮೇಲೂ ಹಣ್ಣಿನ ಮೇಲೂ ಉಪ್ಪು ಸುರಿದೆ. ಕೆಲವು ಸತ್ತವು. ಉಳಿದವು ರುಚಿ ನೋಡಿ ಹಿಂದೆ ಸರಿದವು. ಆಮೇಲೆ ಬರೀ ಹಣ್ಣಿಟ್ಟರೂ ಒಂದೂ ಹತ್ತಿರ ಬರಲಿಲ್ಲ. ಸೊಪ್ಪು ಮಾತ್ರ ಮೇಯುತ್ತಲೇ ಇದ್ದವು.

ಮೇಷ್ಟ್ರು ಒಂದು ಹುಳುವನ್ನು ಕಲ್ಲಿನ ಮೇಲೆ ಬಿಟ್ಟು ಎದುರಿಗೆ ಪರಂಗಿ ಚೂರು ಇಟ್ಟರು. ಉದ್ದನೆಯ ಕೊಂಬು ಅತ್ತ ಚಾಚಿತು, ಒಳಕ್ಕೆ ಎಳೆದುಕೊಂಡಿತು, ಮೈ ಬೇರೆ ಕಡೆ ತಿರುಗಿತು.

"ಕಣ್ಣಿರೋದೂ ಆ ತುದೀಲೆ, ಮೂಗಿರೋದೂ ಅಲ್ಲೇ ಕಣಪ್ಪ. ಅಲ್ಲಿನ ನರಕೋಶ ವಾಸನೆ ಹಿಡಿದು ತಲೆ ಒಳಗಿನ ಒಂದು ಗಂಟಿಗೆ ಸುದ್ದಿ ಕಳಿಸ್ತವೆ. ಆ ಗಂಟಿನಾಗೆ ಸಾವಿರಾರು ಸಣ್ಣ ಕೋಶ ಕೂಡ್ಕಂಡು ಯಾವಾಗ್ಲೂ ಕೆರೆ ನೀರಿನಂಗೆ ಅಲೆ ಎಬ್ಬಿಸ್ತಿರ್ತವೆ. ವಾಸನೆ ಬಂದ್ರೆ ಅಲೆ ಬದಲಾಗ್ತೈತೆ. ವಾಸನೆ ಜೊತೆ ಕೆಟ್ಟ ರುಚಿ ಸಿಕ್ತು ಅಂದ್ರೆ ಅದರ ನೆನಪು ಅಲ್ಲೇ ಕೂತ್ಕಂತೈತೆ."

"ಇಷ್ಟುದ್ದ ಹುಳಕ್ಕೆ ನೆನಪಾ ಮೇಷ್ಟ್ರೇ?"

"ಪಾಠ ಮಾಡಿದೋನು ನೀನೇ ಅಲ್ವೇನಪ್ಪ. ನನ್ನ ಕ್ಲಾಸಿನಾಗೆ ಒಬ್ಬನೂ ಇಷ್ಟು ಬೇಗ ಕಲೀಲಿಲ್ಲ."

ನನ್ನ ಮುಖ ಬಿಗಿಯಿತು. ಆದರೂ ಈಗೇನು ಮಾಡೋದು ಎಂದು ಕೇಳಿದೆ. ಹೊಲದ ವಿಷಯದಲ್ಲಿ ನಾನು ಇನ್ನೊಬ್ಬರನ್ನು ಕೇಳಿದ್ದು ಅದೇ ಮೊದಲಿರಬೇಕು... ಬೇರೆ ವಾಸನೆ ಇಡು, ಉಪ್ಪು ಮುಟ್ಟಬೇಡ ಎಂದರು. ಸೌತೆಕಾಯಿ ಹೋಳು ಇಟ್ಟೆವು. ಬೆಳಿಗ್ಗೆ ಚೀಲದಡಿ ಒತ್ತೊತ್ತಾಗಿ ಕೂತಿದ್ದವು. ಬಕೆಟ್ಟಿಗೆ ತುಂಬಿ, ಹೆಂಡತಿಯ ಮಾತಿನಂತೆ, ದೂರದ ಬಂಡೆಗಳ ಕಡೆ ಬಿಟ್ಟು ಬಂದೆ. ತೋಟ ಚಿಗುರಿತು. ರೇಷ್ಮೆಗೂಡು ಕೈಗೆ ಬಂತು.

ಹೋದ ಬೇಸಿಗೆ ಮೇಷ್ಟ್ರು ತೀರಿಕೊಂಡರು. ಈಗಿನವು ಉಪ್ಪು ಕಾಣದ ಹುಳುಗಳು, ಪರಂಗಿಗೆ ಮತ್ತೆ ಬರುತ್ತವೆ. ಹುಳುವಿನ ಆ ನೆನಪು ಎಷ್ಟು ಕಾಲ ಉಳಿಯುತ್ತದೆಂದು ಅವತ್ತು ಕೇಳಿರಲಿಲ್ಲ. ಮೊನ್ನೆ ವಾಸನೆ ಬಂದ ಕೂಡಲೇ ಕೇಳೋಣವೆಂದು ನನ್ನ ತಲೆ ತಾನಾಗಿ ಬೇಲಿಯ ಕಡೆ ತಿರುಗಿತು.

ಆಚೆ ಬರೀ ಹೊಲ ಇತ್ತು.