ನವಿಲುಶಿಖೆಯ ಪಥ್ಯ

ಬಾಯಿ ಮುಚ್ಚಿಕೊಂಡು ಕೂರುವುದು ನನ್ನ ಜಾಯಮಾನವಲ್ಲ. ಬಸ್ಸಿನಲ್ಲಿ ಪಕ್ಕದವರ ಊರು, ಬೆಳೆ, ಬೀಗರು ಎಲ್ಲ ವಿಚಾರಿಸಿಕೊಂಡೇ ಇಳಿಯುವವನು. ಇಂಥವನನ್ನು ಹಿಡಿದು ನಮ್ಮಮ್ಮ ನವಿಲುಶಿಖೆ ತರಲು ಕಳಿಸಿದಳು.

ನವಿಲುಶಿಖೆ ಎಂದರೆ ಕೊರಟಗೆರೆ ಕಡೆ ಬೆಟ್ಟದ ಕುರುಚಲು ಕಾಡಿನಲ್ಲಿ, ಬಂಡೆಯ ಸಂದಿಯಲ್ಲಿ ಬೆಳೆಯುವ ಗೇಣುದ್ದದ ಜರಿಗಿಡ. ಎಲೆ ಥೇಟ್ ನವಿಲಿನ ಜುಟ್ಟು. ಬೇಸಿಗೆಯಲ್ಲಿ ಮುದುಡಿ ಸತ್ತಂತಿರುತ್ತದೆ, ನೀರು ಬಿದ್ದರೆ ಬಿಚ್ಚಿಕೊಳ್ಳುತ್ತದೆ. ಪಂಡಿತರು ಇದನ್ನು ಮಯೂರಶಿಖೆ ಎಂದು ಕರೆದು ಭೇದಿಗೆ, ಜ್ವರಕ್ಕೆ ಹೇಳುತ್ತಾರೆ. ನಮ್ಮ ಕಡೆ ಹೆಂಗಸರು ಹಾಲಿನಲ್ಲಿ ಅರೆದು ಮಕ್ಕಳಾಗದವರಿಗೆ ಕುಡಿಸುತ್ತಾರೆ. ಹೂವು ಕಾಯಿ ಒಂದೂ ಬಿಡದ ಗಿಡಕ್ಕೆ ಈ ಜವಾಬ್ದಾರಿ ಯಾರು ಹೊರಿಸಿದರೋ ಕಾಣೆ.

ಕಳ್ಳಂಬೆಳ್ಳಕ್ಕೆ ಕೊಟ್ಟ ನನ್ನ ತಂಗಿ ಮಂಜುಳಾಗೆ ಮಕ್ಕಳಿಲ್ಲ. ಡಾಕ್ಟರು, ಹರಕೆ ಎಲ್ಲ ಆಗಿತ್ತು. ಈಚೆಗೆ ಅವಳು ಮಧುಗಿರಿಯ ತವರಿಗೆ ಬರುವುದನ್ನೇ ಬಿಟ್ಟಿದ್ದಳು. ಅಮ್ಮನಿಗೆ ಅದೇ ಕೊರಗು.

"ಲೇ, ಕಿತ್ತ ಮ್ಯಾಲೆ ಅವ್ಳು ಕುಡಿಯೋಗಂಟ ಬಾಯ್ ಬುಡ್ಬಾರ್ದು ಕಣ್ಲಾ. ಮಾತಾಡಿದ್ರೆ ಮದ್ದು ಕೆಟ್ಟೋಯ್ತದೆ" ಎಂದು ಹೇಳಿಯೇ ಕಳಿಸಿದ್ದಳು.

ಬೇರು ಸಮೇತ ಕಿತ್ತು ಬಸ್ಸು ಹತ್ತಿದೆ. ಕಂಡಕ್ಟರಿಗೆ ಮೊಬೈಲಿನಲ್ಲಿ ತಂಗಿಯ ಊರಿನ ಹೆಸರು ಬರೆದು ತೋರಿಸಿದೆ. "ಪಾಪ, ಮಾತ್ ಬರಲ್ಲ" ಎಂದು ಒಬ್ಬ ಅಜ್ಜಿ ಸರಿದು ಜಾಗ ಕೊಟ್ಟಳು. ನನ್ನ ಹೆಂಡತಿ ಇದನ್ನು ನೋಡಬೇಕಿತ್ತು.

ಗಿಡ ಕಂಡೊಡನೆ ಮಂಜುಳಾಗೆ ಎಲ್ಲ ಅರ್ಥವಾಯಿತು. ಅದನ್ನು ನೀರಿನ ಚೊಂಬಿಗೆ ಹಾಕಿ ನನ್ನೆದುರು ಕೂತಳು.

"ಅರೆಯಾಣ ಇರು, ಏನವಸ್ರ. ಬಂದೋರೆಲ್ಲ ಚಪ್ಲಿ ಬುಡೋಕ್ ಮುಂಚೆ 'ಏನಮ್ಮ, ವಿಶೇಷವಾ?' ಅಂತಾರೆ. ನೀನೂ ಅಷ್ಟೇ ಕಣಣ್ಣ. ಅದುಕ್ಕೇ ಅತ್ಲಾಗೆ ಬರೋದೇ ಬುಟ್ಟೆ."

ಸಮಾಧಾನದ ಮಾತು ಗಂಟಲಿಗೆ ಬಂತು, ನುಂಗಿದೆ. ಅವಳು ಹೇಳುತ್ತಲೇ ಹೋದಳು, ಅತ್ತಳು, ನನ್ನ ಪಾಡು ನೋಡಿ ನಕ್ಕಳು. ಇಷ್ಟು ವರ್ಷ ಅವಳ ಮಾತನ್ನು ನಾನು ಪೂರ್ತಿ ಕೇಳಿಯೇ ಇರಲಿಲ್ಲ. ಅಷ್ಟರಲ್ಲಿ ಚೊಂಬಿನ ಗಿಡ ಮೆಲ್ಲಗೆ ಬಿಚ್ಚಿಕೊಳ್ಳತೊಡಗಿತ್ತು.

"ಇದ್ನ ಕುಡಿಯಲ್ಲ, ಕುಂಡಕ್ಕೆ ನೆಡ್ತೀನಿ. ನೀನಿನ್ನ ಮಾತಾಡು. ಮದ್ದು ನಂಗೆ ತಂದೆ, ಪಥ್ಯ ನೀನ್ ಮಾಡ್ದೆ" ಎಂದಳು.

ಬಾಯಿ ಬಿಟ್ಟವನೇ ಮೊದಲು ಕಾಫಿ ಕೇಳಿದೆ.

ಮುಂದಿನ ಹಬ್ಬಕ್ಕೆ ಮಂಜುಳಾ ತಾನಾಗಿಯೇ ತವರಿಗೆ ಬಂದಳು. ಅಮ್ಮ ನನ್ನನ್ನು ಅಡುಗೆಮನೆಗೆ ಎಳೆದು, "ಮದ್ದು ಹಿಡೀತೇನ್ಲಾ?" ಎಂದು ಪಿಸುಗುಟ್ಟಿದಳು.

"ಹಿಡೀತಮ್ಮ" ಎಂದೆ. "ಇನ್ನು ನೀನೂ ಒಂಚೂರು ಪಥ್ಯ ಮಾಡ್ಬೇಕು."