ಮಿಲಿಟರಿ ಗಾಡಿಯ ಸಪ್ಪಳ

ಸಂಸ್ಥಾನ ಹೋಗಿ ನಾವೆಲ್ಲ ಮುಂಬಯಿ ರಾಜ್ಯದವರಾದ ಹೊಸತರಲ್ಲಿ ಹುನ್ನೂರಿನ ನಮ್ಮ ಮನೆಯ ಮುಂದೆ ಕುರಿಗಳಿಗಿಂತ ಲಾರಿಗಳೇ ಹೆಚ್ಚು ನಿಲ್ಲುತ್ತಿದ್ದವು. ಯುದ್ಧ ಮುಗಿದ ಮೇಲೆ ಸರ್ಕಾರ ಹರಾಜು ಹಾಕಿದ ಹಳೆಯ ಮಿಲಿಟರಿ ಗಾಡಿಗಳು ಅವು. ಮುಧೋಳದ ಬೆಲ್ಲದ ವ್ಯಾಪಾರಿಗಳು, ಬನಹಟ್ಟಿಯ ಸೀರೆ ಸಾಹುಕಾರರು ಅವನ್ನು ಬೆಳಗಾವಿ ಕಡೆಯಿಂದ ಎಳೆಸಿ ತಂದು ನನ್ನ ಗಂಡನ ಮುಂದೆ ನಿಲ್ಲಿಸುತ್ತಿದ್ದರು. ಮೊಂಡು ಮೂತಿ, ಮೈಯೆಲ್ಲ ಹಸಿರು ಬಣ್ಣ, ಕೆಲವಕ್ಕಂತೂ ಬಾಗಿಲೇ ಇಲ್ಲ. ಮೊದಮೊದಲು ನನಗೆ ಅವನ್ನು ನೋಡಿದರೆ ನಗು ತಡೆಯಲಾಗುತ್ತಿರಲಿಲ್ಲ.

ಗಂಡ ಯುದ್ಧದಲ್ಲಿ ಇಂಥವೇ ಗಾಡಿ ಓಡಿಸಿದವರು, ರಿಪೇರಿಯನ್ನೂ ಅಲ್ಲೇ ಕಲಿತವರು. ಬಾಂಬು ಸಿಡಿದು ಒಂದು ಕಿವಿಯನ್ನು ಅಲ್ಲೇ ಬಿಟ್ಟು ಬಂದಿದ್ದರು. ಊರಿಗೆ ಬಂದ ಮೇಲೆ ಇನ್ನೊಂದೂ ಮಂದವಾಗುತ್ತ ಹೋಯಿತು. ಎಂಜಿನ್ನಿನ ಸಪ್ಪಳ ಕೇಳದ ಮಿಸ್ತ್ರಿಯ ಬಳಿ ಯಾರು ಗಾಡಿ ಬಿಡುತ್ತಾರೆ? ಸುದ್ದಿ ಹೊರಬಿದ್ದರೆ ಕೆಲಸವೇ ನಿಲ್ಲುತ್ತದೆಂದು ಅವರಿಗೆ ಹೆದರಿಕೆ. "ಯಾರ ಮುಂದೂ ಬಾಯಿ ಬಿಡಬ್ಯಾಡ, ನಮ್ಮಪ್ಪನ ಮುಂದೂ" ಎಂದು ನನ್ನ ಕೈ ಹಿಡಿದು ಹೇಳಿದ್ದರು.

ಹೀಗಾಗಿ ಎಂಜಿನ್ ಕೇಳುವ ಕೆಲಸ ನನ್ನ ಪಾಲಿಗೆ ಬಂತು. ನಾನು ಕುರಿ ಕಾಯ್ದು ಬೆಳೆದವಳು. ಹಿಂಡಿನ ನಡುವೆ ಒಂದು ಕುರಿ ಕೆಮ್ಮಿದರೂ ಯಾವುದೆಂದು ಹೇಳುತ್ತಿದ್ದೆ. ಎಂಜಿನ್ ಅದಕ್ಕಿಂತ ಸುಲಭ, ನಿಂತ ಜಾಗ ಬಿಟ್ಟು ಓಡಿಹೋಗುವುದಿಲ್ಲ. ತೊಂದರೆ ಇದ್ದದ್ದು ಬೇರೆ. ಮಾವನವರು ಇಡೀ ದಿನ ಕಟ್ಟೆಯ ಮೇಲೆ ಕುಳಿತು ಉಣ್ಣೆ ನೂಲುತ್ತಿದ್ದರು, ಮತ್ತು ನಮ್ಮಲ್ಲಿ ಮಾವನೆದುರು ಸೊಸೆ ದನಿ ಎತ್ತುವಂತಿಲ್ಲ. ಅದಕ್ಕೆ ನಾನು ತಲಬಾಗಿಲಲ್ಲಿ ನಿಂತು ಸನ್ನೆ ಮಾಡುತ್ತಿದ್ದೆ. ಕೆಟ್ಟ ಸಪ್ಪಳ ಎಂಜಿನ್ನಿನ ಮೇಲ್ಭಾಗದ್ದಾದರೆ ಕಿವಿಯ ಓಲೆ ಮುಟ್ಟುವುದು, ತಳದ್ದಾದರೆ ಕಾಲುಂಗುರ. ಸೆರಗು ಕೊಡವಿದರೆ ಬಂದ್ ಮಾಡಿ ಎಂದರ್ಥ. ಗಾಡಿ ತಂದವರು ಈಕೆಗೆ ಮೈತುಂಬ ತುರಿಕೆ ಎಂದುಕೊಂಡಿರಬೇಕು.

ಒಂದು ಬೆಳಿಗ್ಗೆ ಮುಧೋಳದ ವ್ಯಾಪಾರಿಯೊಬ್ಬರು ತಮ್ಮ ಗಾಡಿ ಒಯ್ಯಲು ಬಂದರು. ಎಂಜಿನ್ ಪೂರ್ತಿ ಬಿಚ್ಚಿ ಜೋಡಿಸಿದ ಗಾಡಿ, ಹಸಿರು ಹೋಗಿ ನೀಲಿ ಬಣ್ಣ ಬಂದಿತ್ತು. ಮಾವ ಕುಲದೇವರು ಬೀರಪ್ಪನನ್ನು ನೆನೆದು ಅದರ ಮೂತಿಗೆ ಭಂಡಾರದ ಅರಿಶಿನ ಹಚ್ಚಿ, ಮತ್ತೆ ಕಟ್ಟೆಯ ಮೇಲೆ ನೂಲಲು ಕುಳಿತರು. ವ್ಯಾಪಾರಿಯ ಡ್ರೈವರ್ ಹ್ಯಾಂಡಲ್ ಹೊಡೆದ, ಗಂಡ ಒಳಗೆ ಕುಳಿತು ರೇಸ್ ಕೊಟ್ಟರು. ಸ್ವಲ್ಪ ಹೊತ್ತು ಎಲ್ಲ ಛಲೋ ಇತ್ತು. ಆಮೇಲೆ ತಳದಲ್ಲಿ ಟಕ್ ಟಕ್ ಶುರುವಾಯಿತು. ಬೇರಿಂಗಿಗೆ ಎಣ್ಣೆ ಮುಟ್ಟುತ್ತಿಲ್ಲ, ಹಾಗೇ ಓಡಿದರೆ ಎಂಜಿನ್ ಹಾಳಾಗುತ್ತದೆ. ಕಾಲುಂಗುರ ಮುಟ್ಟಿದೆ, ಸೆರಗು ಕೊಡವಿದೆ. ಮೇಲೆತ್ತಿದ ಬಾನೆಟ್ಟು ಅಡ್ಡವಾಗಿ ಅವರಿಗೆ ನಾನು ಕಾಣಲೇ ಇಲ್ಲ. ಅವರು ಇನ್ನಷ್ಟು ರೇಸ್ ಕೊಟ್ಟರು.

"ಬಂದ್ ಮಾಡ್ರೀ!" ಎಂದು ಕೂಗಿಯೇ ಬಿಟ್ಟೆ. ಮಾವನ ಕೈಯಲ್ಲಿ ನೂಲು ನಿಂತಿತು. ಗಂಡ ಮಾತ್ರ ತಿರುಗಿ ನೋಡಲಿಲ್ಲ. ಓಡಿಹೋಗಿ ಲಾರಿಯ ಬಾಗಿಲು ಬಡಿದು ಮತ್ತೆ ಕೂಗಿದೆ. ಎಂಜಿನ್ ಬಂದಾಯಿತು.

"ಏನ್ರೀ ಇದು, ಮಿಸ್ತ್ರಿಗೆ ಕಿವಿ ಕೇಳೂದಿಲ್ಲೇನು?" ಎಂದು ವ್ಯಾಪಾರಿ ಮಾವನನ್ನು ಕೇಳಿದರು. ವ್ಯಾಪಾರಿಯ ಮುಖ ನೋಡಿಯೇ ಗಂಡನಿಗೆ ವಿಷಯ ತಿಳಿಯಿತು. ಸ್ಟೇರಿಂಗ್ ಹಿಡಿದುಕೊಂಡೇ ತಲೆ ತಗ್ಗಿಸಿ ಕುಳಿತರು. ನನಗೆ ಅಳು ಬಂತು. ಅವರ ಅನ್ನಕ್ಕೆ ನಾನೇ ಕಲ್ಲು ಹಾಕಿದೆ ಅನ್ನಿಸಿತು.

ಮಾವ ಕಟ್ಟೆಯಿಂದ ಇಳಿದು ಬಂದರು. "ಕೇಳೂದಿಲ್ರೀ. ಭಾಳ ದಿನಾತು" ಎಂದರು. ನಾನು ಅವರನ್ನೇ ನೋಡಿದೆ. "ನಿಮ್ಮ ಗಾಡಿ ಉಳಿಸಿದಾಕಿ ಇಲ್ಲೇ ನಿಂತಾಳ ನೋಡ್ರಿ. ಇಬ್ಬರೂ ಕೂಡಿ ಸಂಜೀ ಒಳಗ ಮಾಡಿ ಕೊಡ್ತಾರ. ಒಯ್ಯೂದಿದ್ರ ಕುಂದರ್ರಿ, ಚಾ ಆಗತೈತಿ."

ವ್ಯಾಪಾರಿ ನನ್ನನ್ನು ನೋಡಿದರು, ಗಾಡಿಯನ್ನು ನೋಡಿದರು, ಹೋಗಿ ಕಟ್ಟೆಯ ಮೇಲೆ ಕುಳಿತರು. ಅತ್ತೆ ಇಲ್ಲದ ಮನೆ, ಚಹಾ ನಾನೇ ಮಾಡಬೇಕು. ಸೆರಗು ಎಳೆದುಕೊಂಡು ಒಳಗೆ ಹೊರಟೆ.

"ಎಲ್ಲಿಗಿ ಹೊಂಟೀಯವ್ವಾ?" ಮಾವ ತಡೆದರು. "ಚಾ ನಾ ಇಡತೀನಿ. ನೀ ಎಂಜಿನ್ ಕಡೆ ನಿಂದರು. ಅವಗ ಕೇಳೂಹಂಗ ಜೋರಾಗಿ ಹೇಳು."